ಹಂಚು ಪಳಗುವ ತನಕ

ಬೀಡಿನ ಹಂಚು ಮಾರುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅಂಗಡಿ ತೆರೆದು ಗಾದಿಯ ಮೇಲೆ ಕುಳಿತರೆ ಸಾಕು, ಅದು ತಾನೇ ಚಪ್ಪಲಿ ಕಳಚಿಟ್ಟು ಒಳಗೆ ಬರುತ್ತದೆ.

ಕಲಘಟಗಿಯಲ್ಲಿ ಸಂತೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಸ್ಟೀಲು, ಅಲ್ಯೂಮಿನಿಯಂ ಎಲ್ಲ ಇದೆ, ಆದರೆ ಹೆಸರಾದದ್ದು ಬೀಡಿನ ಹಂಚಿಗೆ. ಬೀಡು ಅಂದರೆ ಅಚ್ಚಿಗೆ ಹೊಯ್ದ ಎರಕದ ಕಬ್ಬಿಣ. ಬೆಲೆ ಕಡಿಮೆ, ಭಾರ ಜಾಸ್ತಿ, ಜೋಪಾನ ಮಾಡಿದರೆ ಮೊಮ್ಮಕ್ಕಳ ಕಾಲಕ್ಕೂ ರೊಟ್ಟಿ ಬೇಯಿಸುತ್ತದೆ. ನಡುವೆ ಕೆಲವು ವರ್ಷ ಜನ ಅಂಟದ ತವೆಗಳ ಬೆನ್ನು ಹತ್ತಿ ಇದನ್ನು ಮರೆತಿದ್ದರು. ಈಗ ಮೊಬೈಲಿನಲ್ಲಿ ಯಾರೋ ಕಬ್ಬಿಣವೇ ಒಳ್ಳೆಯದು ಅಂದದ್ದನ್ನು ನೋಡಿ, ಅಜ್ಜಿಯ ಹಂಚನ್ನು ಗುಜರಿಗೆ ಹಾಕಿದವರೇ ಹೊಸದನ್ನು ಕೇಳಿಕೊಂಡು ಬರುತ್ತಾರೆ.

ನನಗೊಂದು ಚಟವಿದೆ. ಮಧ್ಯಾಹ್ನ ಬೀದಿ ಖಾಲಿಯಾಗಿ, ಬಿಸಿಲು ಹೊಸ್ತಿಲ ತನಕ ಬಂದು ಕುಳಿತಾಗ ನಾನು ಕಣ್ಣು ತೆರೆದುಕೊಂಡೇ ಕನಸು ಕಾಣುತ್ತೇನೆ. ಕನಸು ಯಾವಾಗಲೂ ಒಂದೇ. ನಮ್ಮ ಮನೆಯ ಒಲೆ, ಒಲೆಯ ಮೇಲೆ ನನ್ನ ಅಂಗಡಿಯ ಹಂಚು, ಅದರ ಮೇಲೆ ಮೆಲ್ಲಗೆ ಉಬ್ಬಿ ಏಳುತ್ತಿರುವ ಜೋಳದ ರೊಟ್ಟಿ. ಹೆಂಡತಿ ಅದನ್ನು ನನ್ನ ತಾಟಿಗೆ ಹಾಕಿ, "ಹಂಚ ಚಲೋ ಐತಿ," ಅನ್ನುತ್ತಾಳೆ. ಅಷ್ಟೇ ಕನಸು.

ಇಷ್ಟಕ್ಕೂ ಕನಸು ಬೇಕೇ ಅನ್ನಬೇಡಿ. ಮದುವೆಯಾಗಿ ಬರುವಾಗ ಅವಳು ಅಳ್ನಾವರದ ತವರಿನಿಂದ ಒಂದು ಹಳೆಯ ಹಂಚು ತಂದಳು. ಅಂದಿನಿಂದ ನಮ್ಮ ಒಲೆ ಬೇರೆ ಹಂಚಿನ ಮುಖ ನೋಡಿರಲಿಲ್ಲ. ಹೊಸದು ತರಲೇ ಅಂದರೆ, "ಇದು ನಮ್ಮವ್ವನ ಹಂಚ. ಇದರ ಮ್ಯಾಲೆ ರೊಟ್ಟಿ ತಾನ ಏಳತೈತಿ. ನಿಮ್ಮ ಅಂಗಡಿ ಹಂಚ ಅಂಗಡ್ಯಾಗ ಇರ್ಲಿ," ಅನ್ನುತ್ತಿದ್ದಳು.

ಇದರಿಂದ ನನಗಾದ ದುಃಖ ಸಣ್ಣದಲ್ಲ. ಗಿರಾಕಿಗಳು ಹಂಚನ್ನು ತಿರುಗಿಸಿ ಮುರುಗಿಸಿ ನೋಡಿ ಕೊನೆಗೆ ಕೇಳುವ ಪ್ರಶ್ನೆ ಒಂದೇ: "ನಿಮ್ಮ ಮನ್ಯಾಗೂ ಇದ ಹಂಚ ಐತೇನ್ರಿ?" ಆಗ ನಾನು ತಲೆಯ ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದೆ.

ಒಂದಿನ್ನೂರು ಹಂಚು

ಒಂದು ಮಧ್ಯಾಹ್ನ ಹೀಗೇ ಅರ್ಧ ಎಚ್ಚರದಲ್ಲಿ ಕುಳಿತಿದ್ದೆ. ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಮೇಷ್ಟ್ರೊಬ್ಬರು ನನ್ನ ಬೋರ್ಡು ಓದಿ ಒಳಗೆ ಬಂದರು.

"ಹಂಚು ಬೇಕಿತ್ತು."

"ಎಷ್ಟ ಬೇಕ್ರಿ?"

"ಒಂದಿನ್ನೂರು ಸಾಕಾಗಬಹುದು."

ನನ್ನ ಅರ್ಧ ನಿದ್ದೆ ಪೂರ್ತಿ ಕನಸಾಯಿತು. ದೊಡ್ಡದೊಂದು ಬಯಲು, ಸಾಲಾಗಿ ಇನ್ನೂರು ಒಲೆ, ಇನ್ನೂರು ಜನ ಹೆಂಗಸರು ರೊಟ್ಟಿ ಬಡಿಯುವ ಸಪ್ಪಳ, ಹೊಗೆಯೊಳಗೆ ಜೋಳದ ಹಿಟ್ಟು ಬೆಂದ ವಾಸನೆ. ಆ ಬಯಲಿನಲ್ಲೇ ನಿಂತುಕೊಂಡು ಕೇಳಿದೆ, "ಏನ ಕಾರ್ಯಕ್ರಮರೀ?"

"ಕಾರ್ಯಕ್ರಮ ಏನಿಲ್ಲ. ಬಾಡಿಗೆ ಮನೆ ಬಚ್ಚಲಿಗೆ ಹಾಕಿಸೋಣ ಅಂತ. ನೀರು ಸೋರ್ತಿದೆ."

"ಬಚ್ಚಲದಾಗ ಹಂಚ ಇಡಬ್ಯಾಡ್ರಿ, ತುಕ್ಕ ಹಿಡಿತೈತಿ. ಇಟ್ರ ದಿನಾ ಒರಸಿ ಎಣ್ಣಿ ಹಚ್ಚಬೇಕಾಕೈತಿ."

"ಇನ್ನೂರಕ್ಕೂ?"

"ಇನ್ನೂರಕ್ಕೂ."

"ದಿನಾ ಏಣಿ ಹತ್ತಿ?"

"ರೊಟ್ಟಿ ಮಾಡಾಕ ಏಣಿ ಯಾಕ್ರಿ?"

ಆಗ ಗೊತ್ತಾಯಿತು. ಅವರಿಗೆ ಬೇಕಾಗಿದ್ದದ್ದು ಮಾಡಿಗೆ ಹೊದಿಸುವ ಮಂಗಳೂರು ಹಂಚು. ನಾವೂ ಅದಕ್ಕೆ ಹಂಚು ಅಂತಲೇ ಅನ್ನುತ್ತೇವೆ, ಆದರೆ ಅದನ್ನು ಕೇಳಿಕೊಂಡು ಪಾತ್ರೆ ಅಂಗಡಿಗೆ ಯಾರೂ ಬರುವುದಿಲ್ಲ. ನಾನು ಬೀಡಿನ ಹಂಚೊಂದನ್ನು ಎತ್ತಿ ತೋರಿಸಿದೆ. "ಓ, ಕಾವಲಿ," ಅಂದರು. ಬಂದ ತಪ್ಪಿಗೆ ಒಂದನ್ನು ಕೊಂಡರು. ಪಾಪ ಅನ್ನಿಸಿ, ಇದನ್ನು ಮಾತ್ರ ಬಚ್ಚಲ ಮೇಲೆ ಹಾಕಬೇಡಿ ಅಂದೆ.

"ಇಲ್ಲ ಇಲ್ಲ, ಉಳಿದ ನೂರ ತೊಂಬತ್ತೊಂಬತ್ತು ಸಿಕ್ಕ ಮೇಲೆ ನೋಡೋಣ," ಅಂದರು ಮೇಷ್ಟ್ರು.

ದಾರಿಗೆ ತರುವ ಕ್ರಮ

ಹೊಸ ಹಂಚಿನ ಮೇಲೆ ತಂದ ದಿನವೇ ರೊಟ್ಟಿ ಹಾಕಿದರೆ ಅದು ಮುನಿಸಿಕೊಂಡು ರೊಟ್ಟಿಯನ್ನು ಹಿಡಿದುಬಿಡುತ್ತದೆ. ಅದನ್ನು ತೊಳೆದು, ಒರೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಸವರಿ, ಅರ್ಧ ಉಳ್ಳಾಗಡ್ಡಿಯಿಂದ ತಿಕ್ಕಬೇಕು. ಹೀಗೆ ಮೇಲಿಂದ ಮೇಲೆ ಮಾಡುತ್ತ ಹೋದರೆ ಮೈ ಕಪ್ಪಗೆ ನುಣ್ಣಗಾಗಿ ಅಂಟುವುದನ್ನು ಬಿಡುತ್ತದೆ. ಇದಕ್ಕೆ ಪಳಗಿಸುವುದು ಅನ್ನುತ್ತೇವೆ. ಹೋರಿಗೂ ಅದೇ ಮಾತು, ಹಂಚಿಗೂ ಅದೇ ಮಾತು.

ಒಮ್ಮೆ ಇದನ್ನೇ ಫೋನಿನಲ್ಲಿ ಗಿರಾಕಿಯೊಬ್ಬರಿಗೆ ತಿಳಿಸಿ ಹೇಳುತ್ತಿದ್ದೆ. "ಹೊಸಾದಲ್ರಿ, ಅದಕ್ಕ ಹಟಾ ಮಾಡತೈತಿ. ಒಮ್ಮೆಲೆ ಬೆಂಕಿ ಜೋರ ಮಾಡಬ್ಯಾಡ್ರಿ, ಸಾವಕಾಶ ಬಿಸಿ ಮುಟ್ಟಸ್ರಿ. ದಿನಾ ಒಂದೀಟ ಎಣ್ಣಿ ಸವರ್ರಿ. ಬಾಳ ತಿಕ್ಕಿದ್ರ ಮತ್ತ ಮೊದಲಿನಂಗ ಆಕೈತಿ. ನೀವು ತಾಳ್ಮಿ ಕಳಕೋಬ್ಯಾಡ್ರಿ, ತಾನ ದಾರಿಗೆ ಬರತೈತಿ."

ಫೋನು ಇಟ್ಟು ನೋಡಿದರೆ ಎದುರಿಗೆ ಒಬ್ಬ ಅತ್ತೆ, ಅವರ ಹಿಂದೆ ಹೊಸ ಸೊಸೆ. ಅತ್ತೆಯ ಕಣ್ಣಲ್ಲಿ ಭಕ್ತಿ ತುಂಬಿತ್ತು. "ಎಷ್ಟ ಚಂದ ತಿಳಿಸಿ ಹೇಳಿದ್ರೀ. ಸೊಸಿ ಬಂದ ಮನ್ಯಾಗ ಎಲ್ಲಾರೂ ಕೇಳೂವಂಥಾ ಮಾತ," ಅಂದರು.

ನಾನು ಹಂಚಿನ ಮಾತು ಅಂತ ಹೇಳುವುದರೊಳಗೆ, ಸ್ಟೀಲು ಡಬ್ಬಿಗಳನ್ನು ನೋಡುತ್ತ ನಿಂತಿದ್ದ ಸೊಸೆ ತಿರುಗದೆಯೇ ಕೇಳಿದಳು, "ಕಾಕಾರ, ಹಳೇ ಹಂಚಿಗೂ ಇದ ಕ್ರಮ ನಡೀತೈತೇನ್ರಿ?"

ಕರಿ ಎರಡು

ಮಿಶ್ರಿಕೋಟಿಯಿಂದ ಒಬ್ಬ ಹಿರಿಯರು ಸಂತೆ ಸಂತೆಗೂ ಬರುತ್ತಿದ್ದರು. ಅವರ ಊರಿನ ಭಜನೆ ಮೇಳದಲ್ಲಿ ಹಾಡುವವರು. ಬಂದವರೇ ಹಂಚಿನ ರಾಶಿಯ ಮುಂದೆ ಕುಳಿತು, ಒಂದೊಂದನ್ನೇ ಬೆರಳ ತುದಿಯಲ್ಲಿ ತೂಗಾಡಿಸಿ, ನಾಣ್ಯದಿಂದ ಬಡಿದು, ಕಣ್ಣು ಮುಚ್ಚುತ್ತಿದ್ದರು.

ಹಂಚನ್ನು ಬಡಿದು ನೋಡುವುದು ಎಲ್ಲರೂ ಮಾಡುವುದೇ. ಸೀಳಿದ್ದರೆ ಸಪ್ಪಗೆ ಕೇಳುತ್ತದೆ, ಗಟ್ಟಿ ಇದ್ದರೆ ಖಣ್ ಅನ್ನುತ್ತದೆ. ಆದರೆ ಇವರು ಖಣ್ ಅಂದದ್ದನ್ನೂ ಕೆಳಗಿಡುತ್ತಿದ್ದರು. ಆ ಸಪ್ಪಳ ಅಂಗಡಿಯ ಕೊಡ, ಬೋಗುಣಿಗಳನ್ನೆಲ್ಲ ಮುಟ್ಟಿ ಎಷ್ಟೋ ಹೊತ್ತು ಉಳಿಯುತ್ತಿತ್ತು. ಅವರು ಬಂದ ದಿನ ನಾನೂ ಕಣ್ಣು ಮುಚ್ಚಿ ಕೇಳುತ್ತಿದ್ದೆ. ವ್ಯಾಪಾರ ಆಗದಿದ್ದರೂ ಬೇಜಾರಾಗುತ್ತಿರಲಿಲ್ಲ. ಕೊನೆಗೊಂದು ದಿನ ಕೇಳಿಯೇಬಿಟ್ಟೆ, "ಅಜ್ಜಾರ, ನಿಮಗ ಎಂಥಾದ ಬೇಕ್ರಿ?"

"ಕರಿ ಎರಡ ಬೇಕಪಾ."

ನನಗೆ ಸಂತೋಷವಾಯಿತು. "ಎಲ್ಲಾ ಕರೀವ ಅದಾವಲ್ರಿ. ಎರಡ ಕಟ್ಟಲೇನ್ರಿ?"

ಅವರು ನನ್ನನ್ನು ಕರುಣೆಯಿಂದ ನೋಡಿದರು. ಹಾರ್ಮೋನಿಯಂ ಪೇಟಿಯಲ್ಲಿ ಕರಿ ಎರಡು ಅಂದರೆ ಎರಡನೆಯ ಕರಿ ಮನೆ, ಅವರು ಹಾಡುವ ಶ್ರುತಿ. ಅವರು ಸಾಧನೆಗೆ ಕುಳಿತಾಗಲೇ ಅವರ ಹೆಂಡತಿ ಊಟಕ್ಕೆ ಕರೆಯಲು ಹಂಚಿನ ಮೇಲೆ ಸವಟಿನಿಂದ ಬಡಿಯುತ್ತಾರಂತೆ.

"ಮೂವತ್ತ ವರ್ಷ ಆತು, ಬಡೀಬ್ಯಾಡ ಅಂದ್ರ ಅಕಿ ಬಿಡೂದಿಲ್ಲ," ಅಂದರು. "ಶ್ರುತಿಗಾದ್ರೂ ಹೊಂದ್ಲಿ ಅಂತ ಹುಡುಕಾಕ್ಹತ್ತೇನಿ."

ತಂಬೂರಿನ ದಾರಿಯಲ್ಲಿ

ತಂಬೂರು ಎಂಬ ಹಳ್ಳಿಯ ಗಂಡ ಹೆಂಡತಿ ಮೋಟಾರ್ ಸೈಕಲ್ ಮೇಲೆ ಬಂದು ದೊಡ್ಡ ಹಂಚೊಂದನ್ನು ಕೊಂಡರು. ಹೊರಡುವಾಗ ಹೆಂಡತಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಳು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ನಿಲ್ಲಲು ಒಂದು ಮರವೂ ಇರಲಿಲ್ಲವಂತೆ. ಅವಳು ಹಿಂದೆ ಮುಂದೆ ನೋಡದೆ ಹಂಚನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಳು.

ಮುಂದಿನ ಸಂತೆಗೆ ಹಂಚು ಹಿಡಿದುಕೊಂಡು ಬಂದು ನನ್ನ ಮುಂದಿಟ್ಟಳು. ತುಂಬ ತುಕ್ಕು. ನಾನು ಒಳಗೊಳಗೇ ಮೈಸೂರಿನ ಮೇಷ್ಟ್ರನ್ನು ನೆನೆದೆ. ಹಂಚು ಮಳೆಗೂ ಆಗುತ್ತದೆ ಅಂತ ಅವರೊಬ್ಬರಿಗೇ ಗೊತ್ತಿತ್ತು.

"ಮಳ್ಯಾಗ ಹಿಡದ್ರ ತುಕ್ಕ ಬಾರದ ಇರತೈತೇನವಾ?" ಅಂದೆ.

"ತುಕ್ಕಿಂದ ಬಿಡ್ರಿ, ತಿಕ್ಕಿ ಎಣ್ಣಿ ಹಚ್ಚಿದ್ರ ಹೊಕ್ಕೈತಿ," ಅಂದಳು. "ಹೊಸಾ ಹಂಚಿಗೆ ಬಳದಿದ್ದ ಮಸಿಯೆಲ್ಲಾ ಇಳದು ಮಾರಿ ತುಂಬ ಆಗಿತ್ತ್ರಿ. ನಮ್ಮತ್ತಿ ಬಾಗಲ ತಗದು ನನ್ನ ನೋಡಿ ಮಗಾಗ ಏನ ಅಂದ್ರ ಗೊತ್ತೈತೇನ್ರಿ? 'ಎರಡ ತಂದಿಯಲ್ಲೋ, ಸೊಸಿ ಎಲ್ಲೆ?'"

ಮನೆಯಲ್ಲೂ ಇವೆ

ಇಷ್ಟೆಲ್ಲ ಊರಿನ ಹಂಚಿನ ಕಥೆ. ನನ್ನ ಮನೆಯದು ಬೇರೆ.

ನಾನು ನೆವ ಮಾಡಿಕೊಂಡು ಅಂಗಡಿಯಿಂದ ಹಂಚು ತರುತ್ತಲೇ ಇದ್ದೆ. ದೀಪಾವಳಿಗೆ ಒಂದು, ಯುಗಾದಿಗೆ ಒಂದು, ದಸರೆಗೆ ಒಂದು. ಅವಳು ಒಂದನ್ನೂ ಬೇಡ ಅನ್ನಲಿಲ್ಲ, ಒಂದನ್ನೂ ಒಲೆಗೆ ಏರಿಸಲೂ ಇಲ್ಲ. ಒಂದು ನೀರಿನ ಬ್ಯಾರಲ್ಲಿನ ಮುಚ್ಚಳದ ಮೇಲೆ ಭಾರಕ್ಕೆ ಹೋಯಿತು. ಒಂದು ಉಪ್ಪಿನಕಾಯಿ ಭರಣಿಯ ಕೆಳಗೆ. ಮತ್ತೊಂದು ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಆನಿಕೊಂಡು ಕುಳಿತಿತ್ತು. ನಮ್ಮ ಮನೆಯಲ್ಲಿ ನನ್ನ ಅಂಗಡಿಯ ಹಂಚು ಇಲ್ಲದ ಜಾಗ ಅಂದರೆ ಒಲೆಯೊಂದೇ.

ಒಂದು ಲಾಭವಾಯಿತು. ಗಿರಾಕಿಗಳು ಆ ಪ್ರಶ್ನೆ ಕೇಳಿದರೆ ಫ್ಯಾನು ನೋಡುವುದು ತಪ್ಪಿತು. "ಐತ್ರಿ, ಒಂದಲ್ಲಾ, ಮೂರ ಅದಾವ," ಅನ್ನುತ್ತಿದ್ದೆ. ಸುಳ್ಳಲ್ಲವಲ್ಲ.

ಹಾಗೆ ನಂಬಿಸಿ ಹಂಚು ಮಾರಿದ ಹೆಣ್ಣುಮಗಳೊಬ್ಬಳು ಕೆಲವು ದಿನ ಬಿಟ್ಟು ಮತ್ತೆ ಬಂದಳು. "ನಿಮ್ಮ ಮನಿಗೆ ಕುಂಕಮಕ್ಕ ಹೋಗಿದ್ನಿರೀ. ನೀವ ಹೇಳಿದಂಗ ಹಂಚ ಅದಾವ. ಬಿಸಲಾಗ ಒಂದರ ಮ್ಯಾಲೆ ಬೆಕ್ಕ ಮಲಗಿತ್ತು."

"ಹಂಚ ಪಳಗಿತ್ತೇನವಾ?" ಅಂದೆ.

"ಬೆಕ್ಕಂತೂ ಪಳಗಿತ್ತ್ರಿ."

ಅವ್ವನ ಹಂಚು

ಹೋದ ಶ್ರಾವಣದಲ್ಲಿ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ಅವ್ವ, ಅಳ್ನಾವರದಿಂದ ಬಸ್ಸಿಗೆ ಬಂದು ನಮ್ಮಲ್ಲಿ ಉಳಿದರು. ಮೊದಲನೆಯ ದಿನವೇ ಪುಂಡಿಪಲ್ಯದ ಜೊತೆ ಬಿಸಿ ರೊಟ್ಟಿ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿಯುವುದನ್ನೇ ನಿಲ್ಲಿಸಿದರು.

"ಏನ ರೊಟ್ಟಿ ಮಾಡಿಯೇ ಯವ್ವಾ. ಇಷ್ಟ ಚಂದ ನನ್ನ ಕೈಲಿ ಯಾವತ್ತೂ ಆಗಿಲ್ಲ."

ಹೆಂಡತಿಯ ಮುಖ ಅರಳಿತು. "ನಂದೇನೈತಿ ಬೇ. ಎಲ್ಲಾ ನಿನ್ನ ಹಂಚಿಂದ."

"ನನ್ನ ಹಂಚ?"

"ಮದುವ್ಯಾಗ ಕೊಟ್ಟ ಕಳಿಸಿದ್ಯಲ್ಲ."

ಅತ್ತೆ ಎದ್ದು ಹೋಗಿ ಒಲೆಯ ಮೇಲಿನ ಹಂಚನ್ನು ಬಗ್ಗಿ ನೋಡಿದರು. ಅಂಚಿನಲ್ಲಿ ಉಗುರಿನಷ್ಟು ಮುಕ್ಕಾಗಿದ್ದ ಜಾಗ ಗುರುತು ಸಿಕ್ಕಿತು. ಸೆರಗು ಬಾಯಿಗೆ ಹಿಡಿದು ನಗತೊಡಗಿದರು.

"ಅಯ್ಯ, ಇದನ್ನ ಇನ್ನೂ ಇಟಗೊಂಡಿಯೇನ? ಇದು ಅಗದಿ ಹಟಮಾರಿ ಹಂಚ ಇತ್ತಲ್ಲಬೇ. ಹಾಕಿದ ರೊಟ್ಟಿ ಹಾಕಿದಲ್ಲೇ ಹಿಡೀತಿತ್ತು. ನನ್ನ ಕೈಲಿ ನೀಗಲಿಲ್ಲ."

"ಮತ್ತ ನನಗ ಯಾಕ ಕೊಟ್ಟಿ?"

"ಅಳಿಯಾರದು ಪಾತ್ರಿ ಅಂಗಡಿ ಐತಿ, ಮರದಿವಸನ ಹೊಸಾದ ಕೊಡಸ್ತಾರ ಬಿಡು ಅಂತ ಕಟ್ಟಿ ಕಳಿಸಿದ್ನಿ. ಮನ್ಯಾಗಿನ ಪೀಡಾ ಹೋದಂಗ ಆತು ಅಂತ ನಾ ಬ್ಯಾರೇದ ತಗೊಂಡ್ನಿ."

ನನ್ನ ಬಾಯಲ್ಲಿ ತುತ್ತಿತ್ತು. ಇಷ್ಟು ವರ್ಷದ ನಗುವೆಲ್ಲ ಒಮ್ಮೆಲೇ ಗಂಟಲಿಗೆ ಬಂತು. ಆದರೆ ಹೆಂಡತಿಯ ಮುಖ ನೋಡಿ ನುಂಗಿಬಿಟ್ಟೆ. ಅವಳು ಉರಿ ಸಣ್ಣ ಮಾಡಿ, ಬರಿಗೈಯನ್ನು ಹಂಚಿನ ಹಿಡಿಯ ಹತ್ತಿರ ತಂದು, ಮುಟ್ಟದೆ ಹಾಗೇ ನಿಂತಿದ್ದಳು. ನನಗೆ ಸಂಕಟವಾಯಿತು. ತವರಿನ ಒಂದು ವಸ್ತು ಅವಳ ಕಣ್ಣೆದುರೇ ಅವಳ ಕೈ ಬಿಟ್ಟು ಹೋದ ಹಾಗಿತ್ತು.

ಆಮೇಲೆ ಕೇಳಿದಳು, "ಹಂಗಾರ ಇದನ್ನ ಪಳಗಿಸಿದ್ದ ಯಾರ ಬೇ?"

"ಮತ್ಯಾರ? ನೀನ," ಅಂದರು ಅತ್ತೆ. "ನನಗಿಂತಾ ನೀ ಗಟ್ಟಿ."

ಆಮೇಲಿನ ರೊಟ್ಟಿಗಳನ್ನು ಬಡಿಯುವಾಗ ಅವಳ ಕೈಯ ಸಪ್ಪಳ ಬೇರೆಯಾಗಿ ಕೇಳಿತು. ಮಿಶ್ರಿಕೋಟಿಯ ಹಿರಿಯರು ಇದ್ದಿದ್ದರೆ ಶ್ರುತಿ ಹೇಳುತ್ತಿದ್ದರು.

ಮಾರನೆಯ ದಿನ ಮಧ್ಯಾಹ್ನ. ಬಿಸಿಲು ಹೊಸ್ತಿಲಿಗೆ ಬಂದಿತ್ತು. ನಾನು ನನ್ನ ಕನಸಿನಲ್ಲಿದ್ದೆ. ರೊಟ್ಟಿ ಇನ್ನೇನು ಉಬ್ಬಬೇಕು, ಅಷ್ಟರಲ್ಲಿ ಹಂಚಿನ ರಾಶಿಯಿಂದ ಖಣ್ ಅಂತ ಸಪ್ಪಳ. ನೋಡಿದರೆ ನನ್ನ ಹೆಂಡತಿ. ಮದುವೆಯಾದ ಮೇಲೆ ಅವಳು ಅಂಗಡಿಗೆ ಊಟದ ಡಬ್ಬಿ ತಂದಿದ್ದಾಳೆ, ಕೀಲಿ ಕೇಳಲು ಬಂದಿದ್ದಾಳೆ, ಹಂಚು ನೋಡಲು ಬಂದದ್ದು ಅದೇ ಮೊದಲು. ಒಂದೊಂದನ್ನೇ ಬಡಿದು ಕೇಳಿ, ಒಂದನ್ನು ಆರಿಸಿ, ಗಾದಿಯ ಮುಂದಿಟ್ಟು, ಮುಖ ಗಂಭೀರ ಮಾಡಿಕೊಂಡು ಕೇಳಿದಳು.

"ನಿಮ್ಮ ಮನ್ಯಾಗೂ ಇದ ಹಂಚ ಐತೇನ್ರಿ?"

"ಇಲ್ರಿ. ಮನ್ಯಾಗ ಒಪ್ಪವಲ್ರು," ಅಂದೆ.

"ನಮ್ಮವ್ವಗ ಒಂದ ಬೇಕಂತ," ಅಂದಳು. "ಅಕಿ ಕೈಲಿ ಪಳಗಸೂದ ಆಗೂದಿಲ್ಲ. ಅಕಿ ಹೋಗೂದರೊಳಗ ನಾನ ಪಳಗಿಸಿ ಕೊಡ್ತೇನಿ. ತಗೊಂಡ ಬರ್ರಿ."

ಹೀಗೆ ನನ್ನ ಅಂಗಡಿಯ ಹಂಚು ನನ್ನ ಮನೆಯ ಒಲೆ ಏರಿತು. ಎಣ್ಣೆ, ಉಳ್ಳಾಗಡ್ಡಿ, ಸಣ್ಣ ಉರಿ, ಎಲ್ಲ ಕ್ರಮದಿಂದ ನಡೆಯಿತು. ಮನೆ ತುಂಬ ಕಬ್ಬಿಣ ಕಾದ ವಾಸನೆ. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ಅದನ್ನು ಮೂಸುತ್ತ, ಕನಸು ಯಾವುದು ನಿಜ ಯಾವುದು ಅಂತ ತಿಳಿಯದೆ ತೂಕಡಿಸುತ್ತಿದ್ದೆ.

ಹೊಸ ಹಂಚಿನ ಮೊದಮೊದಲ ರೊಟ್ಟಿಗಳು ಹರಿಯುತ್ತವೆ, ಕಪ್ಪಾಗುತ್ತವೆ, ಕಬ್ಬಿಣದ ರುಚಿ ಹಿಡಿಯುತ್ತವೆ. ಅವನ್ನು ಯಾರೂ ತಿನ್ನುವುದಿಲ್ಲ, ದನಕ್ಕೆ ಹಾಕುವುದು ನಮ್ಮ ಕಡೆಯ ಪದ್ಧತಿ. ನಮ್ಮ ಮನೆಯಲ್ಲಿ ಈಗ ದನವಿಲ್ಲ. ನಾನಿದ್ದೇನೆ.

"ಬಾಳ ದಿನದ ಆಸೆ ಇತ್ತಲ್ಲ, ತಿನ್ರಿ," ಅಂತ ಹೆಂಡತಿ ಹರಿದ ರೊಟ್ಟಿಗಳನ್ನು ನನ್ನ ತಾಟಿಗೆ ಹಾಕುತ್ತಿದ್ದಳು. ಅವಳೂ ಅತ್ತೆಯೂ ಹಳೆಯ ಹಂಚಿನ ರೊಟ್ಟಿ ತಿನ್ನುತ್ತಿದ್ದರು. ಅತ್ತೆಗೆ ಕನಿಕರ. "ಅಳಿಯಾರ, ಹೆಂಗೈತ್ರಿ?" ಅಂತ ಕೇಳುತ್ತಿದ್ದರು. ಸ್ವಂತ ಅಂಗಡಿಯ ಮಾಲು. ಏನಂತ ಹೇಳಲಿ? "ಅಗದಿ ಚಲೋ ಐತ್ರಿ," ಅಂತ ನುಂಗುತ್ತಿದ್ದೆ. ಸುಳ್ಳೂ ಅಲ್ಲ. ಸುಟ್ಟ ಚೂರಾದರೂ ಅದು ನನ್ನ ಹಂಚಿನ ರೊಟ್ಟಿ, ಮತ್ತು ನನಗೆ ನಿಜವಾಗಿ ಸುಖವಾಗುತ್ತಿತ್ತು.

ಅತ್ತೆ ಊರಿಗೆ ಹೊರಡುವ ದಿನ ಮುಂಜಾನೆ ಅದು ಆಯಿತು. ಹೊಸ ಹಂಚಿನ ಮೇಲೆ ರೊಟ್ಟಿ ಬಿತ್ತು, ಒದ್ದೆ ಬಟ್ಟೆ ಆಡಿತು, ರೊಟ್ಟಿ ಮಗುಚಿ ಬಿತ್ತು, ಆಮೇಲೆ ಯಾರೋ ಒಳಗಿನಿಂದ ಉಸಿರು ಬಿಟ್ಟ ಹಾಗೆ ಮೆಲ್ಲಗೆ, ದುಂಡಗೆ ಎದ್ದಿತು. ಎಲ್ಲೂ ಅಂಟಲಿಲ್ಲ, ಎಲ್ಲೂ ಹರಿಯಲಿಲ್ಲ. ನಾನು ಉಸಿರು ಹಿಡಿದುಕೊಂಡು ತಾಟು ಮುಂದೆ ಮಾಡಿದೆ.

"ಹಂಚ ಚಲೋ ಐತಿ," ಅಂದಳು ನನ್ನ ಹೆಂಡತಿ.

ಕನಸಿನಲ್ಲಿ ಕೇಳಿದ ಮಾತೇ, ಅಕ್ಷರ ತಪ್ಪದೆ. ಹೇಳಿದವಳೇ ರೊಟ್ಟಿಯನ್ನು ಅವ್ವನ ತಾಟಿಗೆ ಹಾಕಿದಳು. ಹಂಚನ್ನು ತಣಿಸಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಹಳೆಯ ಪತ್ತಲ ಸೀರೆಯಲ್ಲಿ ಸುತ್ತಿ ಅವ್ವನ ಚೀಲಕ್ಕೆ ಇಟ್ಟಳು. ಒಲೆಯ ಮೇಲೆ ಮತ್ತೆ ಮುಕ್ಕಾದ ಹಂಚು ಬಂದು ಕುಳಿತಿತು. ಈಗ ಅವಳು ಅದಕ್ಕೆ ಅವ್ವನ ಹಂಚು ಅನ್ನುವುದಿಲ್ಲ, ನನ್ನ ಹಂಚು ಅನ್ನುತ್ತಾಳೆ.

ಅವತ್ತು ಅತ್ತೆಯನ್ನು ಬಸ್ಸಿಗೆ ಹತ್ತಿಸಿ ಬಂದು ಅಂಗಡಿ ತೆರೆದೆ. ಬಂದ ಮೊದಲ ಗಿರಾಕಿಯೇ ಹಂಚು ತಿರುಗಿಸಿ ನೋಡಿ ಕೇಳಿದಳು, "ನಿಮ್ಮ ಮನ್ಯಾಗೂ ಇದ ಹಂಚ ಐತೇನ್ರಿ?"

ನಾನು ಫ್ಯಾನಿನ ಕಡೆ ನೋಡಲಿಲ್ಲ.

"ಇತ್ತ್ರೀ," ಅಂದೆ. "ಪಳಗೂ ತನಕ ನಮ್ಮ ಮನ್ಯಾಗ ಇತ್ತು. ಪಳಗಿದ ಕೂಡ್ಲೆ ತವರಮನಿಗೆ ಹೋತ್ರಿ."